ಮಾಸ್ಕ್ ಬಿಚ್ಚಿದರೂ ಕೇಳೋರಿಲ್ಲ

ಗನ್‌ನಿಂದ ಬಣ್ಣದ ಗುಂಡು ಹಾರಿಸಿ ಆಡುವ ದೊಡ್ಡ ಪೇಂಟ್‌ಬಾಲ್ ಆಟಗಳು ಮೈಸೂರಿಗೂ ಬಂದಿವೆ ಅಂತ ನಿಮ್ಮ ಲೇಖನದಲ್ಲಿ ಖುಷಿಯಿಂದ ಬರೆದಿದ್ದೀರಿ. ಆದರೆ ಸುರಕ್ಷತೆ ಬಗ್ಗೆ ಒಂದು ಸಾಲೂ ಇಲ್ಲ. ಈಚೆಗೆ ಊರಾಚೆ ಒಂದು ಕಡೆ ಎರಡು ಸೈನ್ಯ, ಕೋಟೆ ಹಿಡಿಯೋದು, ಬಾವುಟ ಕಸಿಯೋದು ಅಂತ ದಿನವಿಡೀ ಆಟ ಇಟ್ಟಿದ್ದರು. ಜನ ಜಾಸ್ತಿ, ರೆಫರಿಗಳು ಬೆರಳೆಣಿಕೆಯಷ್ಟು. ಗುಂಡಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ ದಾಟಬಾರದು, ಅದನ್ನು ಪ್ರತಿ ಗನ್‌ಗೂ ಕ್ರೋನೋಗ್ರಾಫ್ ಅನ್ನೋ ವೇಗಮಾಪಕ ಇಟ್ಟು ಅಳೆಯಬೇಕು, ಬಿಸಿಲೇರಿದ ಹಾಗೆ ಗುಂಡು ಹಾರಿಸುವ ಸಿಒ2 ಅನಿಲದ ಸಿಲಿಂಡರಿನ ಒತ್ತಡವೂ, ಅದರ ಜೊತೆ ಗುಂಡಿನ ವೇಗವೂ ಏರುವುದರಿಂದ ಮಧ್ಯಾಹ್ನ ಮತ್ತೆ ನೋಡಬೇಕು. ಅಲ್ಲಿ ಬೆಳಿಗ್ಗೆಯೂ ಅಳೆಯಲಿಲ್ಲ!

ನನ್ನ ಪಕ್ಕದಲ್ಲೇ ಒಬ್ಬ ಹುಡುಗ ಗಾಜಿಗೆ ಆವಿ ಕಟ್ಟಿತು ಅಂತ ಮಾಸ್ಕ್ ಎತ್ತಿ ಟೀ ಶರ್ಟ್ ಅಂಚಿನಲ್ಲಿ ಒರೆಸುತ್ತಾ ನಿಂತಿದ್ದ. ಸುತ್ತ ಗುಂಡು ಹಾರುತ್ತಲೇ ಇತ್ತು. ಮೈಗೆ ಬಿದ್ದರೆ ಬಾಸುಂಡೆ ಬರುತ್ತೆ, ವಾಸಿಯಾಗುತ್ತೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಅಲ್ವಾ? ಕೂಗಿ ಅವನನ್ನು ಕೂರಿಸಿದೆ. ಆಯೋಜಕರಿಗೆ ಹೇಳಿದರೆ "ಫಾರ್ಮ್‌ಗೆ ಸಹಿ ಹಾಕಿದ್ದೀರಲ್ಲ ಸರ್" ಅಂದರು. ಏನಾದರೂ ಆದರೆ ನಾವೇ ಹೊಣೆ ಅಂತ ಸಹಿ ಹಾಕಿಸಿಕೊಂಡರೆ ಅವರ ಜವಾಬ್ದಾರಿ ಮುಗಿಯಿತಾ? ಟಿಕೆಟ್ ದುಡ್ಡು ತಗೊಂಡವರು ಇನ್ನಷ್ಟು ರೆಫರಿಗಳನ್ನು ಇಡಲಿ. ನೀವೂ ಮುಂದಿನ ಸಲ ಬರೆಯುವಾಗ ವೇಗ ಅಳೆಯುತ್ತಾರಾ, ಆಂಬ್ಯುಲೆನ್ಸ್ ಇರುತ್ತಾ ಅಂತ ಕೇಳಿ ಬರೆಯಿರಿ.