ಲಿಸ್ ಹಾರ್ಟೆಲ್ ಗೆದ್ದದ್ದು ಪ್ಯಾರಾಲಿಂಪಿಕ್ಸ್‌ನಲ್ಲಿ ಅಲ್ಲ

ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡುತ್ತಿದೆ: ‘ಪೋಲಿಯೊ ಆದ ಲಿಸ್ ಹಾರ್ಟೆಲ್ ಕುದುರೆ ಸವಾರಿಯಲ್ಲಿ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದರು.’ ಪೋಲಿಯೊ ನಿಜ. 1944ರಲ್ಲಿ, ಗರ್ಭಿಣಿಯಾಗಿದ್ದಾಗ ಬಂತು. ಕುದುರೆ ಸವಾರಿಯೂ ನಿಜ. ಪ್ಯಾರಾಲಿಂಪಿಕ್ಸ್, ಚಿನ್ನ ಎರಡೂ ತಪ್ಪು.

ಡೆನ್ಮಾರ್ಕಿನ ಈ ಹೆಣ್ಣುಮಗಳು ಗೆದ್ದದ್ದು ಬೆಳ್ಳಿ. ಅದೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಗಂಡಸರ ಜೊತೆ ಒಂದೇ ಕಣದಲ್ಲಿ. 1956ರಲ್ಲಿ ಮತ್ತೊಂದು ಬೆಳ್ಳಿ. ಮೊದಲ ಪ್ಯಾರಾಲಿಂಪಿಕ್ಸ್ ನಡೆದದ್ದೇ 1960ರಲ್ಲಿ!

ಅವರು ಸ್ಪರ್ಧಿಸಿದ್ದು ಕುದುರೆ ಸವಾರಿಯ ಡ್ರೆಸಾಜ್ ಎಂಬ ವಿಭಾಗದಲ್ಲಿ. ಅದು ರೇಸ್ ಅಲ್ಲ. ಸವಾರರ ಸಣ್ಣ ಸನ್ನೆಗೆ ಕುದುರೆ ಲೆಕ್ಕದ ಹೆಜ್ಜೆ ಹಾಕಬೇಕು. ಕಾಲಿನಿಂದ ಒತ್ತಿ ಕೊಡುವ ಸನ್ನೆಯೇ ಜಾಸ್ತಿ. ಹಾರ್ಟೆಲ್‌ಗೆ ಮೊಣಕಾಲಿನ ಕೆಳಗೆ ಬಲವೇ ಇರಲಿಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರ ನೆರವು ಬೇಕಿತ್ತು. ಮೇಲೆ ಕೂತ ಮೇಲೆ ಬೆನ್ನು ಮತ್ತು ಮೈಭಾರದಿಂದಲೇ ತಮ್ಮ ಕುದುರೆ ಜುಬಿಲಿಯನ್ನು ನಡೆಸುತ್ತಿದ್ದರು. ಇಂಥ ಬೆಳ್ಳಿಗೆ ಸುಮ್ನೆ ಚಿನ್ನದ ಬಣ್ಣ ಯಾಕೆ? ಫಾರ್ವರ್ಡ್ ಮಾಡುವವರು ದಯವಿಟ್ಟು ತಿದ್ದಿ ಕಳಿಸಿ.