ಕೈ ಎತ್ತುವ ಮುಂಚಿನ ಅರ್ಧ ಗಂಟೆ

ಕಳೆದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ದೊಡ್ಡಪ್ಪನ ಮಗ ಜಗುಲಿಯಲ್ಲಿ ಕೂತಿದ್ದ. ಎರಡೂ ಮಣಿಕಟ್ಟಿನಲ್ಲಿ ಕಪ್ಪು ಗೆರೆ ಇತ್ತು. ಏನಾಯಿತು ಅಂತ ನಾನು ಕೇಳಬೇಕಾಗಲಿಲ್ಲ. ಇಂಗ್ಲೆಂಡಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದೇನೆ. ಆ ಗೆರೆ ಯಾವುದರದ್ದು ಅಂತ ನೋಡಿದರೆ ಗೊತ್ತಾಗುತ್ತದೆ.

ಬೇರೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಅವನು ಎರಡು ವಾರ ಇದ್ದ. ದೊಡ್ಡಮ್ಮ ಜೊತೆಗಿದ್ದರು. ಒಂದು ಸಂಜೆ ಮನೆಗೆ ಫೋನ್ ಮಾಡಬೇಕು ಅಂತ ಕೇಳಿದನಂತೆ. ವಾರ್ಡಿನವರು "ಆಮೇಲೆ" ಅಂದರು. ಮತ್ತೆ ಕೇಳಿದ, ಮತ್ತೆ "ಆಮೇಲೆ". ಮೂರನೇ ಸಲ "ಸುಮ್ನೆ ಕೂತ್ಕೋ" ಅಂದರು. ಅವನು ಊಟದ ತಟ್ಟೆ ಎಸೆದ, ಅಟೆಂಡರನ್ನು ತಳ್ಳಿದ. ನಾಲ್ಕು ಜನ ಹಿಡಿದು, ಬ್ಯಾಂಡೇಜ್ ಬಟ್ಟೆಯಲ್ಲಿ ಎರಡೂ ಕೈ ಮಂಚಕ್ಕೆ ಕಟ್ಟಿ, ಇಂಜೆಕ್ಷನ್ ಕೊಟ್ಟರು. ಬಿಚ್ಚಿದ್ದು ಬೆಳಿಗ್ಗೆ. "ಎಷ್ಟೊತ್ತು ಅಂತ ಹೇಳಿದ್ದರೆ ಕಾಯ್ತಿದ್ದೆ" ಅಂತ ಅವನು ನನಗೆ ಹೇಳಿದ. ಅಷ್ಟೇ ಹೇಳಿ ಒಳಗೆ ಹೋದ.

ಅಟೆಂಡರ್ ಕೆಟ್ಟವನು ಅಂತ ನಾನು ಹೇಳುವುದಿಲ್ಲ. ನನಗೂ ವಾರ್ಡಿನಲ್ಲಿ ಏಟು ಬಿದ್ದಿದೆ. ಮೂಗಿನಿಂದ ರಕ್ತ ಬಂದ ದಿನ ಮನೆಗೆ ಹೋಗಿ ಕೈ ನಡುಗುತ್ತಿತ್ತು. ಆ ಹೆದರಿಕೆ ನಿಜ. ಆದರೆ ಮನಸ್ಸಿನ ಕಾಯಿಲೆ ಇರುವವರೆಲ್ಲ ಮೈಮೇಲೆ ಬರುತ್ತಾರೆ ಅನ್ನುವುದು ಸುಳ್ಳು. ಹೆಚ್ಚಿನವರು ಯಾರಿಗೂ ಏನೂ ಮಾಡುವುದಿಲ್ಲ. ಏಟು ತಿನ್ನುವವರೇ ಜಾಸ್ತಿ. ಕೈ ಎತ್ತುವವರಲ್ಲೂ ಒಬ್ಬೊಬ್ಬರದು ಒಂದೊಂದು ಕಾರಣ. ಒಬ್ಬನಿಗೆ ಕಿವಿಯಲ್ಲಿ ದನಿ ಹೆದರಿಸುತ್ತಿರುತ್ತದೆ. ಇನ್ನೊಬ್ಬ ದಿನಾ ಕುಡಿಯುತ್ತಿದ್ದವನು, ಒಮ್ಮೆಲೇ ನಿಂತು ಮೂರು ದಿನ ಆಗಿರುತ್ತದೆ. ಕೆಲವರಿಗೆ ಕೊಟ್ಟ ಔಷಧಿಯಿಂದಲೇ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಅದನ್ನು ಸಿಟ್ಟು ಅಂದುಕೊಂಡು ಅದೇ ಔಷಧಿ ಇನ್ನೂ ಜಾಸ್ತಿ ಕೊಟ್ಟರೆ ಚಡಪಡಿಕೆಯೂ ಜಾಸ್ತಿ ಆಗುತ್ತದೆ. ಇದೆಲ್ಲದರ ಮೇಲೆ ಕೊನೆಯ ಕಿಡಿ ಬೀಳುವುದು ಹೆಚ್ಚಾಗಿ ಒಂದು "ಇಲ್ಲ" ಅಥವಾ "ಆಮೇಲೆ" ಅನ್ನುವ ಮಾತಿನಿಂದ. ಇದನ್ನು ನಾನು ಎಷ್ಟು ಸಲ ಕಣ್ಣಾರೆ ನೋಡಿದ್ದೇನೋ ಲೆಕ್ಕವಿಲ್ಲ.

ನಾನಿರುವ ವಾರ್ಡಿನಲ್ಲಿ ಒಂದು ಪಟ್ಟಿ ಇದೆ. ಬ್ರೋಸೆಟ್ ಪಟ್ಟಿ ಅಂತಾರೆ, ನಾರ್ವೆಯಿಂದ ಬಂದದ್ದು. ಬರೀ ಆರು ಪ್ರಶ್ನೆ. ಗೊಂದಲ ಇದೆಯಾ, ಸಿಡುಕು ಇದೆಯಾ, ಗದ್ದಲ ಮಾಡುತ್ತಿದ್ದಾರಾ, ಬಾಯಲ್ಲಿ ಬೆದರಿಸುತ್ತಿದ್ದಾರಾ, ಹೊಡೆಯುವ ಹಾಗೆ ಮುಂದೆ ಬರುತ್ತಿದ್ದಾರಾ, ಸಾಮಾನಿನ ಮೇಲೆ ಸಿಟ್ಟು ತೀರಿಸುತ್ತಿದ್ದಾರಾ. ಪ್ರತಿ ಪಾಳಿಯಲ್ಲಿ ಒಬ್ಬೊಬ್ಬ ರೋಗಿಗೂ ಇದನ್ನು ತುಂಬುತ್ತೇವೆ. ಅಂಕಿ ಏರಿದರೆ ಯಾರೂ ಹಗ್ಗ ಹುಡುಕುವುದಿಲ್ಲ. ಒಬ್ಬರು ಹೋಗಿ ಪಕ್ಕದಲ್ಲಿ ಕೂರುತ್ತಾರೆ.

ಇಂಗ್ಲೆಂಡಿನಲ್ಲೇ ಹುಟ್ಟಿದ ಸೇಫ್‌ವಾರ್ಡ್ಸ್ ಅನ್ನುವ ಕ್ರಮವೂ ಇದೆ. ಹತ್ತು ಸಣ್ಣ ರೂಢಿಗಳು. ಕೆಟ್ಟ ಸುದ್ದಿ ಹೇಳುವ ಮೊದಲು ತಯಾರಿ ಮಾಡಿಕೊಳ್ಳುವುದು, "ಇಲ್ಲ" ಅನ್ನಬೇಕಾದರೆ ಮೆತ್ತಗೆ ಹೇಳುವುದು, ಜಗಳ ಕಂಡ ಉಳಿದ ರೋಗಿಗಳಿಗೂ ಧೈರ್ಯ ಹೇಳುವುದು, ಹೀಗೆ. ಮನೆಗೆ ಹೊರಟವರು ಒಂದು ಚೀಟಿ ಬರೆದು ತೂಗುಹಾಕಿ ಹೋಗುತ್ತಾರೆ, ಹೊಸದಾಗಿ ಬಂದವರು ಓದಲಿ ಅಂತ. ಇಂಗ್ಲೆಂಡಿನ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಫಲ 2015ರಲ್ಲಿ ಪ್ರಕಟವಾಯಿತು. ಜಗಳದಂಥ ಘಟನೆ ಸುಮಾರು 15 ಶೇಕಡಾ, ಹಿಡಿದು ಹಾಕುವುದು, ಕೂಡಿ ಹಾಕುವುದು ಇಂಥದ್ದು ಸುಮಾರು ಕಾಲು ಭಾಗ ಕಡಿಮೆ.

ಹಾಗಂತ ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. 2010ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಒಲಸೇನಿ ಲೂಯಿಸ್ ಅನ್ನುವ 23ರ ಹುಡುಗನನ್ನು ಹನ್ನೊಂದು ಪೊಲೀಸರು ಅದುಮಿ ಹಿಡಿದರು, ಅವನು ತೀರಿಹೋದ. ಬಲ ಬಳಸಿದರೆ ಲೆಕ್ಕ ಕೊಡಬೇಕು ಅನ್ನುವ ಕಾನೂನು ಬರಲು 2018 ಆಗಬೇಕಾಯಿತು. ಇನ್ನೊಂದು ಕೊರತೆ ನನಗೆ ದಿನಾ ಕಾಣುತ್ತದೆ. ಅಲ್ಲಿ ರೋಗಿಯ ಜೊತೆ ಮನೆಯವರು ಉಳಿಯುವುದಿಲ್ಲ. ಬಂದು ನೋಡಿ ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಹೆದರಿ ಎದ್ದ ಹುಡುಗನ ಪಕ್ಕದಲ್ಲಿ ಕೂರುವವನು ನಾನು. ಸಂಬಳಕ್ಕೆ ಬಂದವನು, ನಿನ್ನೆಯಷ್ಟೇ ಅವನ ಮುಖ ನೋಡಿದವನು.

ನಮ್ಮಲ್ಲಿ ತಾಯಿ ಪಕ್ಕದಲ್ಲೇ ಇರುತ್ತಾಳೆ ಅಲ್ವಾ! 1950ರ ದಶಕದಲ್ಲೇ ಅಮೃತಸರದಲ್ಲಿ ಡಾಕ್ಟರ್ ವಿದ್ಯಾ ಸಾಗರ್ ಆಸ್ಪತ್ರೆ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ಉಳಿಸಿಕೊಂಡಿದ್ದರು. ನಿಮ್ಹಾನ್ಸ್‌ನಲ್ಲಿ ಫ್ಯಾಮಿಲಿ ವಾರ್ಡ್ ಇದೆ. ಇದು ನಮ್ಮ ದೊಡ್ಡ ಆಸ್ತಿ. ಆದರೆ ಎಷ್ಟೋ ಕಡೆ ಮನೆಯವರು ಅಂದರೆ ಔಷಧಿ ತರುವವರು, ಶೌಚಕ್ಕೆ ಕರೆದುಕೊಂಡು ಹೋಗುವವರು, ಅಷ್ಟೇ. ಅವರಿಗೆ ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ.

ಆ ಸಂಜೆಯ ಬಗ್ಗೆ ದೊಡ್ಡಮ್ಮನ ಹತ್ತಿರ ಕೇಳಿದೆ. "ಅವನಿಗೆ ಸಿಟ್ಟು ಬರುತ್ತೆ ಅಂತ ಮೊದಲೇ ಗೊತ್ತಾಗಿತ್ತಾ?" ಅವರು ತಡಮಾಡದೆ ಹೇಳಿದರು. ಮಧ್ಯಾಹ್ನದಿಂದ ಲುಂಗಿ ಕಟ್ಟಿ ಬಿಚ್ಚಿ ಮಾಡುತ್ತಿದ್ದ. ಚಾ ಮುಟ್ಟಲಿಲ್ಲ. ಬಾಗಿಲಿಗೂ ಮಂಚಕ್ಕೂ ತಿರುಗುತ್ತಿದ್ದ. ತಟ್ಟೆ ಎಸೆಯುವ ಅರ್ಧ ಗಂಟೆ ಮುಂಚೆ ಮಾತು ಪೂರ್ತಿ ನಿಂತಿತ್ತು. ಬ್ರೋಸೆಟ್ ಪಟ್ಟಿಯಲ್ಲಿ ಇರದ ಗುರುತುಗಳು ಇವು. ಇವನೊಬ್ಬನ ಗುರುತುಗಳು. ಇವನ್ನು ಓದಲು ಬರುವ ಒಂದೇ ಜೀವ ಆ ವಾರ್ಡಿನಲ್ಲೇ ಇತ್ತು, ಮಂಚದ ಕೆಳಗೆ ಚಾಪೆ ಹಾಸಿಕೊಂಡು.

ಕಾನೂನು ನಮ್ಮಲ್ಲೂ ಚೆನ್ನಾಗಿಯೇ ಇದೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಸತ್ತರು. ಅದನ್ನು ಮರೆಯಲು ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ, ಒಂಟಿಯಾಗಿ ಕೂಡಿ ಹಾಕುವುದನ್ನೂ. ಕೂಡಲೇ ಆಗಬಹುದಾದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆ ಮೇಲೆ, ಬೇಕಾದಷ್ಟೇ ಹೊತ್ತು ಕಟ್ಟಬಹುದು. ಕಾರಣ ಕೇಸ್ ಶೀಟಿನಲ್ಲಿ ಬರೆಯಬೇಕು. ರೋಗಿ ನೇಮಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗೆ ಅಂತ ಕಟ್ಟುವಂತಿಲ್ಲ. ಆಳು ಕಡಿಮೆ ಇದ್ದಾರೆ ಅಂತಲೂ ಕಟ್ಟುವಂತಿಲ್ಲ. ಮನೆಯವರು ಇದನ್ನು ತಿಳಿದುಕೊಂಡು, ಡಾಕ್ಟರ ಹತ್ತಿರ ಮರ್ಯಾದೆಯಿಂದ, ಆದರೆ ಗಟ್ಟಿಯಾಗಿ ಕೇಳಬೇಕು: "ಯಾಕೆ ಕಟ್ಟಿದ್ರಿ, ಎಷ್ಟು ಹೊತ್ತು, ಎಲ್ಲಿ ಬರೆದಿದ್ದೀರಿ?"

ಜೊತೆಗೆ ದಾಖಲು ಮಾಡುವ ದಿನವೇ ನರ್ಸ್ ಒಂದು ಹಾಳೆ ತೆಗೆದು ಮನೆಯವರನ್ನು ಕೇಳಲಿ. ಸಿಟ್ಟು ಬರುವ ಮುಂಚೆ ಇವರು ಏನು ಮಾಡುತ್ತಾರೆ, ಯಾವುದರಿಂದ ಸಮಾಧಾನ ಆಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ದುಡ್ಡು ಬೇಡ. ಹತ್ತು ನಿಮಿಷ ಬೇಕು.

ಹೊರಡುವ ಹಿಂದಿನ ರಾತ್ರಿ ದೊಡ್ಡಮ್ಮ ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಬರೆದೆ. ಲುಂಗಿ, ಚಾ, ಬಾಗಿಲು. ಫೋನ್ ಕೇಳಿದರೆ ಎಷ್ಟು ಗಂಟೆಗೆ ಅಂತ ಹೇಳಿ, ಹೇಳಿದ ಹೊತ್ತಿಗೆ ಕೊಡಿ. ಹಾಳೆಯನ್ನು ಮಡಚಿ ಮಾತ್ರೆ ಚೀಟಿಗಳ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ದೀಪ ಆರಿಸಿದ ಮೇಲೆ ಕತ್ತಲಲ್ಲೇ ಕರೆದರು. "ತಮಾ, ಮಲಗಿದ್ಯಾ? ಇನ್ನೊಂದು ಬರಿ. ಎದುರು ನಿಂತು ಮಾತಾಡಬೇಡಿ, ಪಕ್ಕದಲ್ಲಿ ಕೂತು ಮಾತಾಡಿ ಅಂತ."

ನಾನು ಎದ್ದು ದೀಪ ಹಾಕಿದೆ.