ಎರಡನೇ ಮಹಾಯುದ್ಧದ ಖರ್ಚು ಭಾರತವನ್ನು ಬೆಳೆಸಿತೇ, ಬಸಿಯಿತೇ?

ಯುದ್ಧ ಬಂದರೆ ದೇಶದ ಆರ್ಥಿಕತೆ ಚುರುಕಾಗುತ್ತದೆ ಎನ್ನುವವರು ಸಾಮಾನ್ಯವಾಗಿ ಅಮೆರಿಕದ ಉದಾಹರಣೆ ಕೊಡುತ್ತಾರೆ. ಇಲ್ಲಿ ಪ್ರಶ್ನೆಯನ್ನು ನಮ್ಮ ನೆಲದ ಮೇಲೇ ಇಟ್ಟು ಎರಡೂ ಕಡೆಯಿಂದ ವಾದಿಸಿದ್ದೇನೆ. 1939ರಿಂದ 1945ರವರೆಗೆ ಬ್ರಿಟಿಷ್ ಆಡಳಿತದ ಭಾರತದಲ್ಲಿ ಸುರಿದ ಯುದ್ಧದ ಹಣ ನಮಗೆ ಏನು ಮಾಡಿತು?

ಪರ: ಆರ್ಡರ್ ಬಂತು, ಕಾರ್ಖಾನೆ ಎದ್ದಿತು

ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದದ್ದು ಯುದ್ಧದಿಂದ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಮರುವರ್ಷ ಭಾರತ ಸರ್ಕಾರವೂ ಪಾಲು ಹಾಕಿತು. 1943ರ ಹೊತ್ತಿಗೆ ಅಲ್ಲಿ ಅಮೆರಿಕದ ಸೇನೆಯ ವಿಮಾನಗಳು ರಿಪೇರಿ ಆಗುತ್ತಿದ್ದವು. ಇವತ್ತಿನ ಎಚ್‌ಎಎಲ್‌ನ ಬೇರು ಅದೇ. ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಒಮ್ಮೆ ಕೈಗೆ ಹತ್ತಿದರೆ ಯುದ್ಧ ಮುಗಿದರೂ ಮರೆತುಹೋಗುವುದಿಲ್ಲ.

ಯುದ್ಧದ ಖರ್ಚಿನ ದೊಡ್ಡ ಗುಣ ಇದೇ: ಕೊಳ್ಳುವವನು ಖಚಿತ. ಶಾಂತಿಕಾಲದಲ್ಲಿ ಕಾರ್ಖಾನೆ ಹಾಕುವವನಿಗೆ ಮೊದಲ ಭಯ ಮಾಲು ಹೋಗುತ್ತದೋ ಇಲ್ಲವೋ ಎಂಬುದು. ಸರ್ಕಾರವೇ ಬಾಗಿಲಿಗೆ ಬಂದು ಎಷ್ಟು ಮಾಡಿದರೂ ಬೇಕು ಎಂದರೆ ಆ ಭಯ ಎಲ್ಲಿ? ಟಾಟಾ ಕಾರ್ಖಾನೆ ಯುದ್ಧವಾಹನಗಳಿಗೆ ಬೇಕಾದ ಗಟ್ಟಿ ಉಕ್ಕು ಮಾಡಿತು. ಜಪಾನಿನ ರೇಷ್ಮೆ ಬರುವುದು ನಿಂತಾಗ ಪ್ಯಾರಾಚೂಟ್‌ಗೆ ಮೈಸೂರು ರೇಷ್ಮೆ ಬೇಕಾಯಿತು. 1939ರಲ್ಲಿ ಭಾರತದ ಕಾರ್ಖಾನೆಗಳಲ್ಲಿ ಸುಮಾರು 17 ಲಕ್ಷ ಜನ ಕೆಲಸ ಮಾಡುತ್ತಿದ್ದರು. 1945ರಲ್ಲಿ ಆ ಸಂಖ್ಯೆ 25 ಲಕ್ಷ ದಾಟಿತ್ತು.

ಸಾಲದ ಲೆಕ್ಕವನ್ನೂ ನೋಡಿ. ಯುದ್ಧಕ್ಕೆ ಮೊದಲು ಭಾರತ ಲಂಡನ್ನಿಗೆ ಸಾಲಗಾರ. ಯುದ್ಧ ಮುಗಿಯುವಾಗ ಆ ಹಳೆಯ ಪೌಂಡ್ ಸಾಲ ಬಹುತೇಕ ತೀರಿತ್ತು. ಅದರ ಮೇಲೆ ಬ್ರಿಟನ್ನೇ ಭಾರತಕ್ಕೆ ಸುಮಾರು 1,700 ಕೋಟಿ ರೂಪಾಯಿ ಕೊಡಬೇಕಿತ್ತು. ಸ್ವತಂತ್ರ ಭಾರತ ಮೊದಲ ದಿನದಿಂದಲೇ ಹೊರಗೆ ಕೈಚಾಚಬೇಕಾಗಲಿಲ್ಲ. ಮುಂದೆ ಪಂಚವಾರ್ಷಿಕ ಯೋಜನೆಗಳ ಯಂತ್ರಗಳಿಗೂ ಈ ಗಂಟು ಒದಗಿತು.

ಆ ಹಣವನ್ನು ಶಾಲೆಗೋ ನೀರಾವರಿಗೋ ಹಾಕಿದ್ದರೆ ಇನ್ನೂ ಚೆನ್ನಾಗಿತ್ತಲ್ವಾ ಎಂದು ಕೇಳಬಹುದು. ಖಂಡಿತ ಚೆನ್ನಾಗಿತ್ತು. ಆದರೆ ಯಾರು ಹಾಕುತ್ತಿದ್ದರು? ಯುದ್ಧ ಇಲ್ಲದಿದ್ದರೆ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಅಷ್ಟು ದುಡ್ಡನ್ನು ಯಾವುದಕ್ಕೂ ಬಿಚ್ಚುತ್ತಿರಲಿಲ್ಲ. ಯುದ್ಧವನ್ನು ಹೋಲಿಸಬೇಕಾದದ್ದು ಅದರ ಹಿಂದಿನ ಹತ್ತು ವರ್ಷದ ಬಿಗಿಮುಷ್ಟಿಯ ಜೊತೆಗೆ, ನಮ್ಮ ಆಸೆಗಳ ಜೊತೆಗಲ್ಲ.

ಇನ್ನು ಅಮೆರಿಕ. 1940ರಲ್ಲಿ ಅಲ್ಲಿ ನೂರರಲ್ಲಿ ಹದಿನಾಲ್ಕಕ್ಕೂ ಹೆಚ್ಚು ಜನರಿಗೆ ಕೆಲಸ ಇರಲಿಲ್ಲ. 1944ರಲ್ಲಿ ಆ ಸಂಖ್ಯೆ ಎರಡಕ್ಕಿಂತ ಕೆಳಗಿಳಿಯಿತು. ಹತ್ತು ವರ್ಷದ ಆರ್ಥಿಕ ಮಹಾಕುಸಿತ ಮಾಡಿಟ್ಟ ಗಾಯವನ್ನು ಸರ್ಕಾರದ ಖರ್ಚು ನಾಲ್ಕೇ ವರ್ಷದಲ್ಲಿ ಮಾಯಿಸಿತು.

ವಿರೋಧ: ನೋಟು ಬಂತು, ಮಾಲು ಹೋಯಿತು

ಆ 1,700 ಕೋಟಿ ಹೇಗೆ ಕೂಡಿತು ಎಂದು ಪರದವರು ಹೇಳಲಿಲ್ಲ. ಇಡೀ ಕಥೆ ಇರುವುದೇ ಅಲ್ಲಿ.

1939ರ ನವೆಂಬರಿನಲ್ಲಿ ಒಂದು ಒಪ್ಪಂದ ಆಯಿತು. ಭಾರತದ ಸ್ವಂತ ರಕ್ಷಣೆಯ ಖರ್ಚು ಭಾರತದ್ದು, ಸಾಮ್ರಾಜ್ಯದ ಯುದ್ಧದ ಖರ್ಚು ಬ್ರಿಟನ್ನಿನದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬ್ರಿಟನ್ ತನ್ನ ಪಾಲನ್ನು ಚಿನ್ನದಲ್ಲಿ ಕೊಡಲಿಲ್ಲ, ಯಂತ್ರಗಳಲ್ಲೂ ಕೊಡಲಿಲ್ಲ. ಲಂಡನ್ನಿನಲ್ಲಿ ಭಾರತದ ಹೆಸರಿಗೆ ಪೌಂಡ್ ಬರೆದಿಟ್ಟಿತು. ಆ ಪೌಂಡ್ ಪತ್ರಗಳನ್ನೇ ಆಧಾರ ಮಾಡಿಕೊಂಡು ರಿಸರ್ವ್ ಬ್ಯಾಂಕ್ ಇಲ್ಲಿ ರೂಪಾಯಿ ನೋಟು ಹೊರಡಿಸಿತು. ಸೇನೆಗೆ ಬಟ್ಟೆ, ಧಾನ್ಯ, ಮರ, ಉಕ್ಕು ಕೊಟ್ಟವರ ಕೈಗೆ ಆ ನೋಟು ಹೋಯಿತು. ಮಾಲು ಮಾರುಕಟ್ಟೆಯಿಂದ ಹೋಯಿತು, ಬದಲಿಗೆ ಮಾಲು ಬರಲಿಲ್ಲ. 1939ರಲ್ಲಿ ಚಲಾವಣೆಯಲ್ಲಿದ್ದ ನೋಟು 200 ಕೋಟಿಗಿಂತ ಕಡಿಮೆ. 1945ಕ್ಕೆ 1,100 ಕೋಟಿ ಮೀರಿತ್ತು. ಬೆಲೆಗಳು ಎರಡು ಪಟ್ಟಿಗೂ ಮೇಲೆ ಏರಿದವು.

ಇದೂ ಒಂದು ತೆರಿಗೆಯೇ. ಶಾಸನಸಭೆಯಲ್ಲಿ ಮಂಡಿಸದ, ರಸೀದಿ ಕೊಡದ ತೆರಿಗೆ. ಕಟ್ಟಿದವರು ಯಾರು ಅಂದರೆ ಬೆಲೆ ಏರಿದಷ್ಟು ಕೂಲಿ ಏರದವರು. ಗಿರಣಿ ಮಾಲೀಕರ ಹೆಚ್ಚುವರಿ ಲಾಭದ ಮೇಲೆ 1940ರಲ್ಲಿ ತೆರಿಗೆ ಬಂತು ನಿಜ, ಅದನ್ನು ತಪ್ಪಿಸಿಕೊಳ್ಳುವ ದಾರಿಗಳೂ ಜೊತೆಗೇ ಬಂದವು. ಕಾಳಸಂತೆ ದೊಡ್ಡದಾಗಿ ಬೆಳೆದದ್ದು ಈ ವರ್ಷಗಳಲ್ಲೇ. ಏರುವ ಬೆಲೆ ತಡೆಯಲು 1943ರಲ್ಲಿ ಬ್ರಿಟನ್, ಅಮೆರಿಕ ಎರಡೂ ಇಲ್ಲಿ ಚಿನ್ನ ಮಾರಿದವು. ಮಾರಿದ್ದು ಇಲ್ಲಿನ ದುಬಾರಿ ದರಕ್ಕೆ. ಅಂದರೆ ಅದರಲ್ಲೂ ಲಾಭವೇ ಮಾಡಿಕೊಂಡರು!

ಬಂಗಾಳದಲ್ಲಿ ಈ ತೆರಿಗೆ ಪ್ರಾಣ ತೆಗೆಯಿತು. 1942ರಲ್ಲಿ ಬರ್ಮಾ ಜಪಾನಿಗೆ ಬಿದ್ದು ಅಲ್ಲಿನ ಅಕ್ಕಿ ನಿಂತಿತು. ಅಕ್ಟೋಬರಿನಲ್ಲಿ ಮಿದ್ನಾಪುರಕ್ಕೆ ಚಂಡಮಾರುತ ಬಡಿಯಿತು. ಜಪಾನೀಯರ ಕೈಗೆ ಸಿಗಬಾರದೆಂದು ಸರ್ಕಾರವೇ ಕರಾವಳಿಯ ದೋಣಿಗಳನ್ನು ವಶಪಡಿಸಿಕೊಂಡಿತ್ತು, ನಾಶ ಮಾಡಿತ್ತು. ಇದರ ಮೇಲೆ ಯುದ್ಧದ ದುಡ್ಡು ಬಂದು ಬಿತ್ತು. ಕಲ್ಕತ್ತಾದ ಕಾರ್ಖಾನೆಗಳು ತಮ್ಮ ಕಾರ್ಮಿಕರಿಗೆ ಅಕ್ಕಿ ಕೊಂಡಿಟ್ಟವು, ಸೇನೆಗೂ ಅಕ್ಕಿ ಬೇಕಿತ್ತು. ಹಳ್ಳಿಯ ಕೂಲಿ, ಮೀನುಗಾರ, ದೋಣಿಯವನು ಆ ಬೆಲೆಗೆ ಎಲ್ಲಿಂದ ಕೊಳ್ಳಬೇಕು? ಸತ್ತವರು 30 ಲಕ್ಷದವರೆಗೆ ಎಂಬ ಅಂದಾಜಿದೆ. ಸರ್ಕಾರದ ವಿಚಾರಣಾ ಆಯೋಗವೇ 15 ಲಕ್ಷ ಎಂದು ಒಪ್ಪಿಕೊಂಡಿತು. ಕಾರ್ಖಾನೆಯಲ್ಲಿ ಹೆಚ್ಚಾದ ಎಂಟು ಲಕ್ಷ ಕೆಲಸವನ್ನು ಹೆಮ್ಮೆಯಿಂದ ಎಣಿಸುವವರು ಈ ಲೆಕ್ಕವನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು.

ಅಮೆರಿಕದ ಮಾತು ಇಲ್ಲಿಗೆ ಹೊಂದುವುದೇ ಇಲ್ಲ. ಅಲ್ಲಿ ಯಂತ್ರಗಳು ಸುಮ್ನೆ ನಿಂತಿದ್ದವು, ಜನ ಕೆಲಸ ಇಲ್ಲದೆ ಕೂತಿದ್ದರು. ಖರ್ಚು ಬಂದಾಗ ಉತ್ಪಾದನೆ ಏರಿತು. ನಮ್ಮಲ್ಲಿ ಖಾಲಿ ಕೈಗಳೇನೋ ಬೇಕಾದಷ್ಟಿದ್ದವು. ಅವಕ್ಕೆ ಬೇಕಾದ ಯಂತ್ರ ಹೊರಗಿನಿಂದ ಬರಬೇಕಿತ್ತು, ಹಡಗುಗಳು ಯುದ್ಧದ ಕೆಲಸದಲ್ಲಿದ್ದವು. ದುಡ್ಡು ಜಾಸ್ತಿಯಾದ ಮಾತ್ರಕ್ಕೆ ಗದ್ದೆಯಲ್ಲಿ ಎರಡು ಪಟ್ಟು ಭತ್ತ ಬೆಳೆಯುವುದಿಲ್ಲ. ಇದ್ದ ಗಿರಣಿಗಳನ್ನು ಬಿಡುವಿಲ್ಲದೆ ಓಡಿಸಿ ಸವೆಸಿದರು. ರೈಲ್ವೆಯ ಕೆಲವು ಕವಲು ಹಾದಿಗಳ ಹಳಿ ಕಿತ್ತು, ಎಂಜಿನ್‌ಗಳ ಜೊತೆ ಮಧ್ಯಪ್ರಾಚ್ಯಕ್ಕೆ ಸಾಗಿಸಿದರು. ಇದನ್ನು ಬೆಳವಣಿಗೆ ಎನ್ನಲಾಗದು.

ಎಚ್‌ಎಎಲ್ ವಿಷಯ ಒಪ್ಪೋಣ, ಅದು ನಿಜವಾದ ಗಳಿಕೆ. ಆದರೆ ಅದೇ ಕಾಲದಲ್ಲಿ ವಿಶ್ವೇಶ್ವರಯ್ಯನವರ ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧವಿತ್ತು. ಅದು ಯುದ್ಧದ ತುರ್ತಿಗೆ ಬೇಕಿಲ್ಲ ಎಂದು ಭಾರತ ಸರ್ಕಾರ ಬೆಂಬಲ ಕೊಡಲಿಲ್ಲ. ಯುದ್ಧದ ಖರ್ಚು ಉದ್ಯಮ ಕಟ್ಟುತ್ತದೆ ಸರಿ, ಯಾವುದನ್ನು ಕಟ್ಟಬೇಕು ಎನ್ನುವುದು ಸೇನಾಪತಿಯ ಆಯ್ಕೆ.

ಇನ್ನು ಬ್ರಿಟನ್ ನಮಗೆ ಕೊಡಬೇಕಿದ್ದ ಆ ಗಂಟು. ಸಾಲವನ್ನು ಕಡಿತ ಮಾಡಬೇಕು ಎಂದು ಬ್ರಿಟನ್ನಿನಲ್ಲೇ ಕೂಗೆದ್ದಿತ್ತು. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಹಣಕಾಸು ಸಮ್ಮೇಳನದಲ್ಲಿ ಭಾರತದ ಪ್ರತಿನಿಧಿಗಳು ಈ ಬಾಕಿಯ ವಿಷಯ ಎತ್ತಿದರು. ಇದು ನಮ್ಮಿಬ್ಬರ ನಡುವಿನ ಲೆಕ್ಕ ಎಂದು ಬ್ರಿಟನ್ ಅದನ್ನು ಅಲ್ಲಿಗೇ ನಿಲ್ಲಿಸಿತು. ಸ್ವಾತಂತ್ರ್ಯ ಬಂದ ಮೇಲೂ ಹಣ ಕೈಗೆ ಬಂದದ್ದು ಕಂತುಕಂತಾಗಿ, ಅದರಲ್ಲೂ ಒಂದು ಪಾಲು ಧಾನ್ಯದ ಆಮದಿಗೇ ಹೋಯಿತು. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಡಾಲರ್ ಎದುರು ಪೌಂಡಿನ ಬೆಲೆಯನ್ನು ಶೇಕಡ 30ರಷ್ಟು ಇಳಿಸಿತು. ಅಮೆರಿಕದಿಂದ ಯಂತ್ರವನ್ನೋ ಗೋಧಿಯನ್ನೋ ತರಿಸಬೇಕೆಂದರೆ, ಲಂಡನ್ನಿನಲ್ಲಿ ಉಳಿದಿದ್ದ ನಮ್ಮ ದುಡ್ಡಿನ ಬೆಲೆ ಒಂದೇ ದಿನದಲ್ಲಿ ಅಷ್ಟು ಕರಗಿತ್ತು.